ಸ್ಟುಡಿಯೊ ಒಬ್ಬರದು, ಹೆಸರು ಇನ್ನೊಬ್ಬರದು

ಕಿರುತೆರೆ ಮತ್ತು ಚಲನಚಿತ್ರ ನಿರ್ಮಾಪಕರ ಒಪ್ಪಂದಗಳನ್ನು ಬರೆದುಕೊಡುವುದು, ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ವೃತ್ತಿ. ನನ್ನ ಮೇಜಿಗೆ ಬರುವ ಕರಡುಗಳಲ್ಲಿ ಸ್ಟುಡಿಯೊ ಬಾಡಿಗೆಯ ಭಾಗ ಸಾಮಾನ್ಯವಾಗಿ ಪುಟಗಟ್ಟಲೆ ಇರುತ್ತದೆ. ಶಿಫ್ಟ್ ಎಷ್ಟು ಹೊತ್ತಿಗೆ ಮುಗಿಯಬೇಕು, ಜನರೇಟರ್‌ನ ಡೀಸೆಲ್ ಯಾರ ಲೆಕ್ಕಕ್ಕೆ, ಸೆಟ್ ಕಳಚುವ ದಿನಕ್ಕೆ ಅರ್ಧ ಬಾಡಿಗೆಯೋ ಪೂರ್ತಿಯೋ, ಗೋಡೆಗೆ ಮೊಳೆ ಹೊಡೆದರೆ ಠೇವಣಿಯಲ್ಲಿ ಎಷ್ಟು ಮುರಿದುಕೊಳ್ಳಬೇಕು ಎಂಬುದನ್ನೆಲ್ಲ ಒಂದೂ ಬಿಡದೆ ಬರೆದಿರುತ್ತಾರೆ. ಕಾರ್ಯಕ್ರಮದ ಹೆಸರು ಯಾರ ಸ್ವತ್ತು ಎಂಬುದಕ್ಕೆ ಮಾತ್ರ ಒಂದೇ ಸಾಲು, ಅದೂ ಹಿಂದಿನ ಯಾವುದೋ ಒಪ್ಪಂದದಿಂದ ಹಾಗೆಯೇ ನಕಲಾಗಿ ಬಂದ ಸಾಲು. ಈ ಅಭ್ಯಾಸ ಎಷ್ಟು ದುಬಾರಿಯಾಗಬಲ್ಲದು ಎಂದು ಕಕ್ಷಿದಾರರಿಗೆ ವಿವರಿಸಬೇಕಾದಾಗ ನಾನು ಫಿಲಿಪ್ಪೀನ್ಸಿನ ಏಪಿಟಿ ಎಂಟರ್‌ಟೈನ್‌ಮೆಂಟ್, ಅದರ ಸ್ಟುಡಿಯೊ ಮತ್ತು ಆ ಸ್ಟುಡಿಯೊದಲ್ಲಿ ನಡೆಯುತ್ತಿದ್ದ ‘ಈಟ್ ಬುಲಾಗಾ’ ಎಂಬ ಮಧ್ಯಾಹ್ನದ ಕಾರ್ಯಕ್ರಮದ ಪ್ರಕರಣವನ್ನು ಮುಂದಿಡುತ್ತೇನೆ.

ಏಪಿಟಿ ಎಂಬುದು ಅದರ ಸ್ಥಾಪಕ ಆಂಟೋನಿಯೊ ಪಿ. ಟುವಿಯೆರಾ ಅವರ ಹೆಸರಿನ ಮೊದಲಕ್ಷರಗಳು. ಟಿವಿ ಕಾರ್ಯಕ್ರಮ, ಚಲನಚಿತ್ರ ಎರಡನ್ನೂ ನಿರ್ಮಿಸುವ ಈ ಸಂಸ್ಥೆಯ ಸ್ಟುಡಿಯೊ ಇರುವುದು ಮೆಟ್ರೊ ಮನಿಲಾಕ್ಕೆ ಹೊಂದಿಕೊಂಡ ರಿಸಾಲ್ ಪ್ರಾಂತ್ಯದ ಕೈಂಟಾ ಪಟ್ಟಣದಲ್ಲಿ. 1990ರ ದಶಕದ ಮಧ್ಯಭಾಗದಿಂದ ಕೆಸೋನ್ ಸಿಟಿಯ ಬ್ರಾಡ್‌ವೇ ಸೆಂಟ್ರಮ್‌ನಲ್ಲಿ ನಡೆಯುತ್ತಿದ್ದ ‘ಈಟ್ ಬುಲಾಗಾ’ 2018ರ ಡಿಸೆಂಬರ್‌ನಲ್ಲಿ ಈ ಸ್ಟುಡಿಯೊಕ್ಕೆ ಬಂದಿತು. ಆದರೆ ಕಾರ್ಯಕ್ರಮದ ನಿರ್ಮಾಣ ಏಪಿಟಿಯದಾಗಿರಲಿಲ್ಲ. ‘ಟೇಪ್’ ಎಂದು ಕರೆಯಲಾಗುವ ಟೆಲಿವಿಷನ್ ಅಂಡ್ ಪ್ರೊಡಕ್ಷನ್ ಎಕ್ಸ್‌ಪೋನೆಂಟ್ಸ್ ಎಂಬ ಬೇರೊಂದು ಕಂಪನಿಯದಾಗಿತ್ತು. ದೀರ್ಘಕಾಲ ಅದರ ಚುಕ್ಕಾಣಿ ಹಿಡಿದಿದ್ದವರೂ ಟುವಿಯೆರಾ ಅವರೇ ಆಗಿದ್ದರು, ಆದರೆ ಬಹುಪಾಲು ಷೇರುಗಳು ಹಲೋಸ್‌ಹೋಸ್ ಕುಟುಂಬದ ಕೈಯಲ್ಲಿದ್ದವು. ಪ್ರಸಾರದ ಸಮಯ ಜಿಎಂಎ ವಾಹಿನಿಯದು. ಕಾರ್ಯಕ್ರಮಕ್ಕೆ ಜೀವ ತುಂಬಿದ್ದವರು ಟಿಟೊ ಸೊಟ್ಟೊ, ವಿಕ್ ಸೊಟ್ಟೊ, ಜೋಯಿ ಡಿ ಲಿಯೋನ್ ಎಂಬ ಮೂವರು ನಿರೂಪಕರು. 1979ರ ಜುಲೈ 30ರಂದು ಆರ್‌ಪಿಎನ್ ವಾಹಿನಿಯಲ್ಲಿ ಮೊದಲ ಸಂಚಿಕೆ ಪ್ರಸಾರವಾದ ದಿನದಿಂದಲೂ ಅವರೇ ಇದ್ದರು. ಹೀಗೆ ಜಾಗ, ನಿರ್ಮಾಣ, ಪ್ರಸಾರದ ಸಮಯ, ಮುಖಗಳು ಬೇರೆ ಬೇರೆಯವರ ಕೈಯಲ್ಲಿದ್ದರೂ, ಎಲ್ಲರೂ ಒಗ್ಗಟ್ಟಾಗಿರುವವರೆಗೆ ಹೆಸರು ಯಾರದು ಎಂದು ಯಾರೂ ಕೇಳಬೇಕಾಗಿ ಬರಲಿಲ್ಲ.

ಜಿಎಂಎ ಮತ್ತು ಟೇಪ್ ನಡುವೆ ಇದ್ದದ್ದು ಅಲ್ಲಿ ‘ಬ್ಲಾಕ್‌ಟೈಮ್’ ಎನ್ನುವ ವ್ಯವಸ್ಥೆ. ನಿರ್ಮಾಪಕ ವಾಹಿನಿಯಿಂದ ಸಮಯವನ್ನು ಕೊಳ್ಳುತ್ತಾನೆ, ಜಾಹೀರಾತನ್ನು ತಾನೇ ಮಾರಿಕೊಳ್ಳುತ್ತಾನೆ, ಲಾಭ ನಷ್ಟ ಎರಡಕ್ಕೂ ತಾನೇ ಹೊಣೆಯಾಗುತ್ತಾನೆ. ಸ್ಲಾಟ್ ಹಿಡಿದು ಧಾರಾವಾಹಿ ಮಾಡಿದ ನಮ್ಮ ಹಿರಿಯ ನಿರ್ಮಾಪಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ವ್ಯವಸ್ಥೆಯಲ್ಲಿ ವಾಹಿನಿಗೆ ಕಾರ್ಯಕ್ರಮದ ಮೇಲೆ ಒಡೆತನ ಬರುವುದಿಲ್ಲವಾದ್ದರಿಂದ ‘ಈಟ್ ಬುಲಾಗಾ’ ಆರ್‌ಪಿಎನ್‌ನಿಂದ 1989ರಲ್ಲಿ ಎಬಿಎಸ್-ಸಿಬಿಎನ್‌ಗೂ 1995ರಲ್ಲಿ ಜಿಎಂಎಗೂ ತನ್ನ ಹೆಸರಿನೊಂದಿಗೇ ದಾಟಿತು. ವಾಹಿನಿ ಬದಲಾದರೂ ವೀಕ್ಷಕರು ಹಿಂದೆಯೇ ಹೋದರು. ನಿರ್ಮಾಣ ಕಂಪನಿ ತಾನೇ ಕಾರ್ಯಕ್ರಮದ ಒಡೆಯ ಎಂದು ನಂಬಲು ಈ ಇತಿಹಾಸವೇ ಸಾಕಾಗಿತ್ತು.

ಈ ಕಾರ್ಯಕ್ರಮ ಎಂದೂ ಒಂದು ಫ್ಲೋರ್‌ಗೆ ಅಂಟಿಕೊಂಡಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಅದರ ಅತ್ಯಂತ ಪ್ರಸಿದ್ಧ ಅಧ್ಯಾಯವಾದ 2015ರ ಜುಲೈನ ಬೀದಿ ಪ್ರಸಂಗವನ್ನೇ ತೆಗೆದುಕೊಳ್ಳಿ. ನಟ ಆಲ್ಡೆನ್ ರಿಚರ್ಡ್ಸ್ ಸ್ಟುಡಿಯೊದಲ್ಲಿದ್ದರು. ಮನೆಗೆಲಸದ ಹುಡುಗಿಯ ವೇಷದಲ್ಲಿ ಮೇನ್ ಮೆಂಡೋಜಾ ಯಾವುದೋ ಬಡಾವಣೆಯ ಬೀದಿಯಲ್ಲಿ ಹೊರಾಂಗಣ ತಂಡದ ಜೊತೆಗಿದ್ದರು. ಇಬ್ಬರ ದೃಶ್ಯಗಳನ್ನೂ ಪರದೆಯ ಎರಡು ಭಾಗಗಳಲ್ಲಿ ಅಕ್ಕಪಕ್ಕ ತೋರಿಸುತ್ತಿದ್ದಾಗ, ಆಲ್ಡೆನ್ ತನ್ನನ್ನು ನೋಡುತ್ತಿದ್ದಾನೆಂದು ತಿಳಿದ ಆಕೆ ಪಾತ್ರ ಮರೆತು ನಾಚಿ ನಕ್ಕುಬಿಟ್ಟರು. ಪರದೆಯ ನಡುವಿನ ಆ ಗೆರೆಯ ಆಚೀಚೆ ನಿಂತ ಜೋಡಿಯನ್ನು ನೋಡಲು ದೇಶವೇ ಟಿವಿ ಮುಂದೆ ಕುಳಿತಿತು, ಮತ್ತು ಅದೇ ಅಕ್ಟೋಬರ್ 24ರಂದು ಬುಲಾಕಾನ್ ಪ್ರಾಂತ್ಯದ ಫಿಲಿಪ್ಪೀನ್ ಅರೀನಾದಲ್ಲಿ ವಿಶೇಷ ಸಂಚಿಕೆ ನಡೆದ ದಿನ ಅದರ ಬಗ್ಗೆ ಬಂದ ಟ್ವೀಟ್‌ಗಳು 4 ಕೋಟಿ ಮೀರಿದವು. ಮರುವರ್ಷ ಆ ಜೋಡಿಯ ಚಿತ್ರವೂ ಬಂದಿತು. ಏಪಿಟಿ, ಜಿಎಂಎ ಪಿಕ್ಚರ್ಸ್ ಮತ್ತು ವಿಕ್ ಸೊಟ್ಟೊ ಅವರ ಎಂ-ಝೆಟ್ ಸಂಸ್ಥೆಗಳು ಕೂಡಿ ನಿರ್ಮಿಸಿದ ಆ ಚಿತ್ರದ ನಿರ್ದೇಶಕರು ಟುವಿಯೆರಾ ಅವರ ಮಗ ಮೈಕ್. ಒಂದೇ ಸಂಬಂಧದಿಂದ ಹುಟ್ಟಿದ ಜನಪ್ರಿಯತೆ ಟಿವಿಯಲ್ಲಿ ಒಂದು ಕಂಪನಿಗೂ ಸಿನಿಮಾದಲ್ಲಿ ಬೇರೆ ಮೂರು ಕಂಪನಿಗಳಿಗೂ ಹಣ ತಂದುಕೊಟ್ಟಿತು. ಇಂಥ ಕಡೆ ಪಾತ್ರದ ಮೇಲಿನ ಹಕ್ಕನ್ನು ಮೊದಲೇ ಕಾಗದಕ್ಕಿಳಿಸದಿದ್ದರೆ ಮುಂದೆ ಯಾರು ಏನು ಕೇಳಬಹುದು ಎಂದು ಯೋಚಿಸಿದರೆ ನನ್ನಂಥವರಿಗೆ ಸಿನಿಮಾ ನೋಡುವ ಸುಖವೇ ಹೊರಟುಹೋಗುತ್ತದೆ.

2023ರ ಆರಂಭದಲ್ಲಿ ಟೇಪ್‌ನ ಆಡಳಿತ ಬದಲಾಗಿ, ಟುವಿಯೆರಾ ಹಿಂದೆ ಸರಿದರು. ಮೇ 31ರಂದು ಸಂಚಿಕೆಯನ್ನು ನೇರಪ್ರಸಾರ ಮಾಡಲು ಹೊಸ ಆಡಳಿತ ಒಪ್ಪಲಿಲ್ಲವೆಂದು ಹೇಳಿ ಮೂವರೂ ನಿರೂಪಕರು ಅಂತರ್ಜಾಲದ ನೇರಪ್ರಸಾರದಲ್ಲಿ ವಿದಾಯ ಘೋಷಿಸಿದರು. ಸಹನಿರೂಪಕರು ಮತ್ತು ಸಿಬ್ಬಂದಿಯಲ್ಲಿ ಹಲವರು ಅವರೊಂದಿಗೇ ಹೊರಬಂದರು. ಜುಲೈ 1ರಿಂದ ಅವರು ಟಿವಿ5 ವಾಹಿನಿಯಲ್ಲಿ, ಮಂಡಲುಯೊಂಗ್‌ನಲ್ಲಿರುವ ಅದರ ಕೇಂದ್ರದಿಂದ, ‘ಇ.ಎ.ಟಿ.’ ಎಂಬ ಹೆಸರಿನಲ್ಲಿ ಕಾರ್ಯಕ್ರಮ ಆರಂಭಿಸಿದರು. ಇತ್ತ ಟೇಪ್ ಹೊಸ ನಿರೂಪಕರನ್ನು ನಿಲ್ಲಿಸಿ ಹಳೆಯ ಹೆಸರಿನಲ್ಲೇ ಏಪಿಟಿ ಸ್ಟುಡಿಯೊದಿಂದ ಪ್ರಸಾರ ಮುಂದುವರಿಸಿತು. ಹೆಸರು, ಸ್ಲಾಟ್, ಫ್ಲೋರ್ ಮೂರೂ ಒಂದೇ ಕಡೆ ಉಳಿದಿದ್ದರಿಂದ ಆ ಪಕ್ಷವೇ ಗೆದ್ದಿತು ಎಂದು ಮೇಲ್ನೋಟಕ್ಕೆ ಯಾರಿಗಾದರೂ ಅನ್ನಿಸಬಹುದಾಗಿತ್ತು. ಟೇಪ್ ಬಳಿ ಟ್ರೇಡ್‌ಮಾರ್ಕ್ ನೋಂದಣಿಯೂ ಇತ್ತು.

ಪ್ರಕರಣ ತಿರುವು ಪಡೆದದ್ದು ಆ ನೋಂದಣಿಯಲ್ಲೇ. ನೋಂದಣಿ ಪತ್ರವನ್ನು ಅನೇಕರು ಜಮೀನಿನ ಪಹಣಿಯಂತೆ ಭಾವಿಸುತ್ತಾರೆ. ಆದರೆ ಟ್ರೇಡ್‌ಮಾರ್ಕನ್ನು ಸರಕು ಮತ್ತು ಸೇವೆಗಳ ವರ್ಗಗಳ ಪ್ರಕಾರ ಕೊಡಲಾಗುತ್ತದೆ. ಟೀಶರ್ಟು, ಲೋಟಗಳಂಥ ವಸ್ತುಗಳಿಗೆ ಬೇರೆ ಬೇರೆ ವರ್ಗಗಳಿವೆ, ಮನರಂಜನಾ ಸೇವೆಗೆ 41ನೆಯ ವರ್ಗವಿದೆ. ಭಾರತದಲ್ಲೂ ಇದೇ ವರ್ಗೀಕರಣ. ಟೇಪ್‌ನ ನೋಂದಣಿ ಮಾರಾಟದ ವಸ್ತುಗಳಿಗೆ ಸೀಮಿತವಾದದ್ದು, ಟಿವಿ ಕಾರ್ಯಕ್ರಮಕ್ಕೆ ಅನ್ವಯಿಸುವುದಿಲ್ಲ ಎಂಬುದು ನಿರೂಪಕರ ಪರ ವಕೀಲರ ಒಂದು ವಾದವಾಗಿತ್ತು. ಇನ್ನೊಂದು ವಾದ ಇನ್ನೂ ಆಳಕ್ಕೆ ಹೋಗುತ್ತದೆ. ಫಿಲಿಪ್ಪೀನ್ಸಿನ ಬೌದ್ಧಿಕ ಆಸ್ತಿ ಸಂಹಿತೆಯಲ್ಲಿ, ಅಂದರೆ 8293ನೆಯ ಕಾಯ್ದೆಯಲ್ಲಿ, ಮೊದಲು ಅರ್ಜಿ ಹಾಕಿದವರಿಗೆ ಆದ್ಯತೆಯಿದ್ದರೂ, ವಂಚನೆಯಿಂದ ಪಡೆದ ನೋಂದಣಿಯನ್ನು ಯಾವಾಗ ಬೇಕಾದರೂ ರದ್ದುಪಡಿಸಬಹುದು. ಹಾಗಾಗಿ ಮೊದಲು ಅರ್ಜಿ ಹಾಕಿದವರು ಯಾರು ಎಂಬುದರ ಜೊತೆಗೆ ಹೆಸರನ್ನು ಹುಟ್ಟಿಸಿದವರು ಯಾರು ಎಂಬ ಪ್ರಶ್ನೆಯೂ ವಿಚಾರಣೆಗೆ ಬಂದಿತು. ಹೆಸರು ತನಗೆ ಹೇಗೆ ಹೊಳೆಯಿತು ಎಂದು ಜೋಯಿ ಡಿ ಲಿಯೋನ್ ವಿವರವಾಗಿ ಹೇಳಿದರು. ಅದಕ್ಕೆ ಸರಿಗಟ್ಟುವ ವಿವರಣೆ ಕಂಪನಿಯ ಬಳಿ ಇರಲಿಲ್ಲ. ಬೌದ್ಧಿಕ ಆಸ್ತಿ ಕಚೇರಿ 2023ರ ಡಿಸೆಂಬರ್‌ನಲ್ಲಿ ಟೇಪ್‌ನ ನೋಂದಣಿಯನ್ನು ರದ್ದುಗೊಳಿಸಿ ಆದೇಶಿಸಿತು. ಕೃತಿಸ್ವಾಮ್ಯ ಉಲ್ಲಂಘನೆ ಮತ್ತು ಅನ್ಯಾಯದ ಪೈಪೋಟಿಯ ದಾವೆಯಲ್ಲಿ ಮರಿಕಿನಾದ ವಿಚಾರಣಾ ನ್ಯಾಯಾಲಯವೂ ಮೂವರ ಪರವಾಗಿ ತೀರ್ಪಿತ್ತಿತು, ಮತ್ತು ತೀರ್ಪು 2024ರ ಜನವರಿ 5ರಂದು ಹೊರಬಂದ ಮರುದಿನವೇ ಟಿವಿ5ರ ಕಾರ್ಯಕ್ರಮ ಮತ್ತೆ ‘ಈಟ್ ಬುಲಾಗಾ’ ಆಯಿತು.

ಇಲ್ಲಿ ನಮ್ಮ ನಿರ್ಮಾಪಕರಿಗೊಂದು ಮಾತು. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಾಯಿಸಿದ ಕೂಡಲೇ ಹೆಸರು ತಮ್ಮದಾಯಿತು ಎಂಬ ನಂಬಿಕೆಯಿಂದ ಬರುವವರು ಬಹಳ. ಅದು ಸದಸ್ಯರ ನಡುವಿನ ಉಪಯುಕ್ತ ಶಿಸ್ತು, ನಿಜ. ಆದರೆ ಟ್ರೇಡ್‌ಮಾರ್ಕ್ ಕಾಯ್ದೆಯ ನೋಂದಣಿಗೆ ಅದು ಬದಲಿಯಾಗದು. ಹೆಸರು ನಿರೂಪಕನ ಅಥವಾ ಬರಹಗಾರನ ಕಲ್ಪನೆಯಾಗಿದ್ದರೆ, ಅದನ್ನು ಕಂಪನಿಗೆ ವರ್ಗಾಯಿಸಿದ ಪತ್ರಕ್ಕೆ ಆತನ ಸಹಿ, ದಿನಾಂಕ, ಪ್ರತಿಫಲದ ಮೊತ್ತ ಇರಲೇಬೇಕು. ಕಾರ್ಯಕ್ರಮ ಹೆಸರು ಮಾಡಿದ ಮೇಲೆ ಆ ಸಹಿಯ ಬೆಲೆ ಏರುತ್ತದೆ; ಮನಸ್ತಾಪ ಹುಟ್ಟಿದ ಮೇಲೆ ಅದು ಸಿಗುವುದೇ ಇಲ್ಲ.

ಟೇಪ್ ಅದೇ ಜನವರಿ 6ರಂದು ತನ್ನ ಕಾರ್ಯಕ್ರಮದ ಹೆಸರನ್ನು ‘ತಹಾನಂಗ್ ಪಿನಾಕಮಸಾಯಾ’ ಎಂದು ಬದಲಿಸಿಕೊಂಡಿತು. ಅದೇ ಫ್ಲೋರ್, ಅದೇ ಸ್ಲಾಟ್ ಇದ್ದರೂ ಕಾರ್ಯಕ್ರಮ ಮಾರ್ಚ್ 2ರಂದು ಕೊನೆಗೊಂಡಿತು. ಏಪ್ರಿಲ್ 6ರಿಂದ ಜಿಎಂಎ ಆ ಸಮಯವನ್ನು ಎಬಿಎಸ್-ಸಿಬಿಎನ್ ನಿರ್ಮಾಣದ ‘ಇಟ್ಸ್ ಶೋಟೈಮ್’ಗೆ ಕೊಟ್ಟಿತು. 2020ರಲ್ಲಿ ಪರವಾನಗಿ ಕಳೆದುಕೊಂಡು ಸ್ವಂತ ಪ್ರಸಾರ ತರಂಗವಿಲ್ಲದಂತಾಗಿದ್ದ ಆ ಸಂಸ್ಥೆ, ಹೆಸರೂ ನಿರೂಪಕರೂ ತನ್ನ ಬಳಿಯೇ ಉಳಿದಿದ್ದುದರಿಂದ, ದಶಕಗಳ ಪ್ರತಿಸ್ಪರ್ಧಿಯ ವಾಹಿನಿಯಲ್ಲಿ ಮಧ್ಯಾಹ್ನದ ಅದೇ ಹೊತ್ತಿಗೆ ಕಾಣಿಸಿಕೊಂಡಿತು.