ಬಣ್ಣದ ಜೀನ್ ಸಿಕ್ಕಿತು, ಹೂವು ಮಾತು ಕೇಳಲಿಲ್ಲ

ಮೆಕ್ಕೆಜೋಳದ ಒಂದು ಜೀನ್ ಸೇರಿಸಿಕೊಂಡ ಪೆಟುನಿಯಾ ಇಟ್ಟಿಗೆಗೆಂಪು ಹೂ ಬಿಟ್ಟ ಸುದ್ದಿ ಹೊರಬಿದ್ದದ್ದು 1987ರಲ್ಲಿ, ಜರ್ಮನಿಯ ಕೊಲೋನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಿಂದ. ಪೆಟುನಿಯಾಕ್ಕೆ ಕಿತ್ತಳೆ ಬಣ್ಣ ಸಹಜವಲ್ಲ. ಆ ಬಣ್ಣ ಕೊಡುವ ಪೆಲಾರ್ಗೊನಿಡಿನ್‌ಗೆ ಬೇಕಾದ ಕಚ್ಚಾವಸ್ತುವನ್ನು ಪೆಟುನಿಯಾದ ಡಿಎಫ್‌ಆರ್ (ಹೂವಿನ ಬಣ್ಣ ತಯಾರಿಕೆಯ ಒಂದು ಹಂತ ನಡೆಸುವ ಕಿಣ್ವ) ಮುಟ್ಟುವುದೇ ಇಲ್ಲ. ಮೆಕ್ಕೆಜೋಳದ ಕಿಣ್ವ ಮುಟ್ಟುತ್ತದೆ. ಆ ಕಚ್ಚಾವಸ್ತು ಬಳಕೆಯಾಗದೆ ದಳದಲ್ಲೇ ಉಳಿಯುವ ಮಸುಕು ಹೂವಿನ ತಳಿಯನ್ನು ಆರಿಸಿಕೊಂಡದ್ದೇ ನಿಜವಾದ ಜಾಣತನ.

ಜೀನ್ ಸೇರಿಸುವುದು ಆಗಲೇ ಕೈಗೆ ಬಂದಿದ್ದ ಕೆಲಸ. 1985ರ ಎಲೆಬಿಲ್ಲೆ ವಿಧಾನವನ್ನೇ ನೋಡಿ: ಸೋಂಕು ತೆಗೆದ ಎಲೆಯನ್ನು ಬಿಲ್ಲೆಯಾಗಿ ಕತ್ತರಿಸಿ, ಗಿಡದೊಳಗೆ ಜೀನ್ ಸಾಗಿಸುವ, ಆದರೆ ಗಂಟು ಬರಿಸುವ ಗುಣ ಕಳೆದ ಅಗ್ರೊಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ದ್ರಾವಣದಲ್ಲಿ ಅದ್ದಿ, ಎರಡು ದಿನ ಬಿಡುತ್ತಾರೆ. ಹೆಚ್ಚು ದಿನ ಬಿಟ್ಟರೆ ಬ್ಯಾಕ್ಟೀರಿಯಾವೇ ಬಿಲ್ಲೆಯನ್ನು ಮುಚ್ಚಿಬಿಡುತ್ತದೆ. ಆಮೇಲೆ ಲೀಟರಿಗೆ 1 ಮಿ.ಗ್ರಾಂ ಬೆಂಜೈಲ್ ಅಡೆನಿನ್, 0.1 ಮಿ.ಗ್ರಾಂ ಎನ್‌ಎಎ (ಎರಡೂ ಬೆಳವಣಿಗೆಯ ಹಾರ್ಮೋನುಗಳು), 300 ಮಿ.ಗ್ರಾಂ ಕನಾಮೈಸಿನ್ (ಜೀನ್ ಸೇರದ ಕೋಶಗಳನ್ನು ತಡೆಯುವ ಆ್ಯಂಟಿಬಯಾಟಿಕ್), 500 ಮಿ.ಗ್ರಾಂ ಕಾರ್ಬೆನಿಸಿಲಿನ್ (ಉಳಿದ ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯಾಟಿಕ್) ಇರುವ ಮಾಧ್ಯಮಕ್ಕೆ ವರ್ಗಾವಣೆ. ಕೆಲವು ವಾರಗಳಲ್ಲಿ ಬಿಲ್ಲೆಯ ಅಂಚಿನಲ್ಲಿ ಚಿಗುರು ಬರುತ್ತದೆ. ಜೀನ್ ಸೇರದ ಕಳ್ಳ ಚಿಗುರುಗಳೂ ಹಸಿರಾಗಿಯೇ ಇರುವುದುಂಟು. ಕನಾಮೈಸಿನ್‌ನಲ್ಲಿ ಬೇರು ಬಿಡಿಸಿದಾಗ ಹೆಚ್ಚಿನವು ಸಿಕ್ಕಿಬೀಳುತ್ತವೆ. ಪ್ರತಿ ಚಿಗುರಿನಲ್ಲೂ ಜೀನ್ ಕೂರುವ ಜಾಗ ಬೇರೆ, ಪ್ರತಿಗಳ ಸಂಖ್ಯೆಯೂ ಬೇರೆ. ಹಾಗಾಗಿ ಹತ್ತಾರು ಗಿಡ ಬೆಳೆಸಿ ಒಂದನ್ನು ಉಳಿಸಿಕೊಳ್ಳಬೇಕು.

ಉಳಿಸಿಕೊಂಡದ್ದೂ ಕೈಕೊಡಬಹುದು. 1990ರಲ್ಲಿ ಕೊಲೋನ್‌ನ ಬಯಲಿನಲ್ಲಿ ಸುಮಾರು 30,000 ಪೆಟುನಿಯಾ ನೆಟ್ಟರು. ಬೇಸಿಗೆ ಏರಿದಂತೆ ಬಹಳಷ್ಟು ಹೂಗಳ ಬಣ್ಣ ಇಳಿಯಿತು. ಜೀನ್ ಎಲ್ಲಿಗೂ ಹೋಗಿರಲಿಲ್ಲ. ಅದರ ಪ್ರಮೋಟರ್ (ಜೀನನ್ನು ಚಾಲೂ ಮಾಡುವ ಸ್ವಿಚ್ಚಿನಂಥ ಭಾಗ) ಮೇಲೆ ಮೀಥೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ಗುರುತು ಕೂತು ಅದನ್ನು ಮಲಗಿಸಿತ್ತು. ಅದೇ ವರ್ಷ ಅಮೆರಿಕದಲ್ಲಿ, ನೇರಳೆ ಬಣ್ಣ ಗಾಢವಾಗಲೆಂದು ಬಣ್ಣ ತಯಾರಿಕೆಗೆ ಬೇಕಾದ, ಪೆಟುನಿಯಾದ್ದೇ ಚಾಲ್ಕೋನ್ ಸಿಂಥೇಸ್ ಜೀನಿನ ಇನ್ನೊಂದು ಪ್ರತಿ ಸೇರಿಸಿದರೆ, 42% ಗಿಡಗಳಲ್ಲಿ ಪೂರ್ತಿ ಬಿಳಿ ಅಥವಾ ಬಿಳಿ ಪಟ್ಟೆಯ ಹೂ ಬಂತು. ಈ ಎಡವಟ್ಟೇ ಮುಂದೆ ಆರ್‌ಎನ್‌ಎಐ (ಆರ್‌ಎನ್‌ಎ ಮೂಲಕ ಜೀನಿನ ಬಾಯಿ ಮುಚ್ಚಿಸುವ ಕ್ರಿಯೆ) ತಿಳಿವಿಗೆ ದಾರಿಯಾದದ್ದು ಬೇರೆ ಮಾತು.

ಮಾರುಕಟ್ಟೆಗೆ ಮೊದಲು ಬಂದ ಬಣ್ಣ ಕಿತ್ತಳೆಯಲ್ಲ, ನೀಲಿಯ ಕಡೆಗೆ ವಾಲಿದ ನೇರಳೆ. ಆಸ್ಟ್ರೇಲಿಯಾದ ಫ್ಲೋರಿಜೀನ್ ಕಂಪನಿ ಜಪಾನಿನ ಸಂಟೋರಿ ಕಂಪನಿ ಜೊತೆ ಸೇರಿ ಪೆಟುನಿಯಾದ ನೀಲಿ ಜೀನನ್ನು ಕಾರ್ನೇಷನ್‌ಗೆ ಹಾಕಿತು. ಸ್ವಂತ ಡಿಎಫ್‌ಆರ್ ಇಲ್ಲದ ಬಿಳಿ ತಳಿ ಹಿಡಿದು, ಡಿಎಫ್‌ಆರ್ ಕೂಡ ಪೆಟುನಿಯಾದ್ದನ್ನೇ ಕೊಟ್ಟರು. ವರ್ಣದ್ರವ್ಯಕ್ಕೆ ನೀಲಿ ಕೊಡುವ ಡೆಲ್ಫಿನಿಡಿನ್ ಆಗುವುದು ಬಿಟ್ಟು ಬೇರೆ ದಾರಿಯೇ ಉಳಿಯಲಿಲ್ಲ. 1996ರ 'ಮೂನ್‌ಡಸ್ಟ್' ಹುಟ್ಟಿದ್ದು ಹೀಗೆ.

ಗುಲಾಬಿ ಮಾತ್ರ ಸತಾಯಿಸಿತು. ಪೆಟುನಿಯಾ ಜೀನ್ ಅಲ್ಲಿ ಕೆಲಸಕ್ಕೆ ಬರಲಿಲ್ಲ, ಪ್ಯಾನ್ಸಿಯದ್ದು ಬೇಕಾಯಿತು. ಡೆಲ್ಫಿನಿಡಿನ್ ತುಂಬಿದರೂ ದಳದ ಕೋಶದೊಳಗೆ ಬಣ್ಣ ತುಂಬಿಕೊಳ್ಳುವ ರಸದಾನಿ ಆಮ್ಲೀಯವಾಗಿದ್ದರೆ ಬಣ್ಣ ಕೆಂಪಿಗೇ ತಿರುಗುತ್ತದೆ. ಆದ್ದರಿಂದ ಕಡಿಮೆ ಆಮ್ಲದ, ನೀಲಿಯನ್ನು ಗಟ್ಟಿಗೊಳಿಸುವ ಜೊತೆವಸ್ತುವಾದ ಫ್ಲೇವನಾಲ್ ಹೆಚ್ಚಿರುವ ತಳಿಗಳನ್ನು ಹುಡುಕಿ ಜೀನ್ ಹಾಕಿದರು. 2009ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ 'ಅಪ್ಲಾಸ್' ಪ್ರಾಮಾಣಿಕವಾಗಿ ಹೇಳುವುದಾದರೆ ತಿಳಿನೇರಳೆ. ಅದರ ಹೊಸ ಜೀನ್ ಇರುವುದು ಹೊರಪದರದ ಕೋಶಗಳಲ್ಲಿ ಮಾತ್ರ. ಪರಾಗ ಒಳಪದರದಿಂದ ಹುಟ್ಟುವುದರಿಂದ ಜೀನ್ ಪರಾಗಕ್ಕೆ ದಾಟುವುದಿಲ್ಲ. ನೀಲಿ ಎಂದು ಧೈರ್ಯವಾಗಿ ಕರೆಯಬಹುದಾದದ್ದು 2017ರ ಜಪಾನೀ ಸೇವಂತಿಗೆ. ಗಂಟೆಯಾಕಾರದ ಹೂವಿನ ಕ್ಯಾಂಪಾನುಲಾ ಗಿಡದ ಜೀನ್ ಜೊತೆ ಶಂಖಪುಷ್ಪದ ಜೀನ್ ಸೇರಿ ವರ್ಣದ್ರವ್ಯಕ್ಕೆ ಸಕ್ಕರೆ ಅಂಟಿಸಿತು. ಸೇವಂತಿಗೆಯಲ್ಲಿ ಮೊದಲೇ ಇದ್ದ ಬಣ್ಣವಿಲ್ಲದ ಫ್ಲೇವೋನ್ ಅದಕ್ಕೆ ಜೊತೆಯಾಯಿತು.

ಇತ್ತ ಕಿತ್ತಳೆ ಪೆಟುನಿಯಾ ಸುಮ್ಮನಿರಲಿಲ್ಲ. ಮಾಮೂಲಿ ತಳಿಗಳೊಂದಿಗೆ ಕೂಡಿಸಿದ ಮೇಲೆ ಅದರ ಬಣ್ಣ ಗಟ್ಟಿಯಾಗಿತ್ತು. ಫಿನ್‌ಲೆಂಡಿನ ಸಸ್ಯವಿಜ್ಞಾನಿ ಟೀಮು ಟೀರಿ ಹೆಲ್ಸಿಂಕಿ ರೈಲುನಿಲ್ದಾಣದ ಬಳಿಯ ಕುಂಡದಲ್ಲಿ ಅಂಥದ್ದನ್ನು ಕಂಡು ಪರೀಕ್ಷಿಸಿದಾಗ ಸಿಕ್ಕದ್ದು ಅದೇ ಮೆಕ್ಕೆಜೋಳದ ಜೀನ್. 2017ರಲ್ಲಿ ಯುರೋಪ್, ಅಮೆರಿಕಗಳಲ್ಲಿ ಅನುಮತಿಯಿಲ್ಲದ ತಳಿಗಳನ್ನು ಹಿಂಪಡೆದು ನಾಶಮಾಡಿದರು. 2021ರಲ್ಲಿ ಅಮೆರಿಕ ಇವನ್ನು ನಿಯಂತ್ರಣದಿಂದ ಬಿಟ್ಟಿತು. ಪತ್ತೆಗೆ ಮೊದಲು ನೋಡುವುದು ಸೇರಿಸಿದ ಜೀನಿಗೆ ಸ್ವಿಚ್ಚಾಗಿ ಹಚ್ಚುವ 35ಎಸ್ ಪ್ರಮೋಟರನ್ನು. ಆದರೆ ಅದು ಹೂಕೋಸಿನ ಮೊಸಾಯಿಕ್ ವೈರಸ್ಸಿನದು. ವೈರಸ್ ತಗುಲಿದ ಮಾಮೂಲಿ ಗಿಡದಲ್ಲೂ ಪರೀಕ್ಷೆ 35ಎಸ್ ಇದೆ ಎಂದೇ ತೋರಿಸೀತು. ಹಾಗಾಗಿ ಮೆಕ್ಕೆಜೋಳದ ಜೀನನ್ನು ಬೇರೆಯಾಗಿ ಪಿಸಿಆರ್‌ನಲ್ಲಿ (ಡಿಎನ್‌ಎ ತುಣುಕನ್ನು ನಕಲು ಮಾಡಿ ಗುರುತಿಸುವ ಪರೀಕ್ಷೆ) ಹುಡುಕದೆ ಯಾವ ಕುಂಡವನ್ನೂ ಕುಲಾಂತರಿ ಎನ್ನುವಂತಿಲ್ಲ.