175 ಗಂಟೆಗೆ ಎಷ್ಟು ಕೆಲಸ? ಓಪನ್ ಸೋರ್ಸ್ ಪ್ರಪೋಸಲ್ ಅಳೆಯುವ ಬಗೆ

ಗೂಗಲ್ ಸಮ್ಮರ್ ಆಫ್ ಕೋಡ್ ಅಂದರೆ ಹೊಸಬರು ಓಪನ್ ಸೋರ್ಸ್ (ಯಾರು ಬೇಕಾದರೂ ನೋಡಿ ತಿದ್ದಬಹುದಾದ) ತಂತ್ರಾಂಶಕ್ಕೆ ಕೆಲಸ ಮಾಡುವ ಗೂಗಲ್‌ನ ಕಾರ್ಯಕ್ರಮ. ಅದಕ್ಕೆ ಅರ್ಜಿಯಾಗಿ ಪ್ರಪೋಸಲ್, ಅಂದರೆ ಏನು ಮಾಡುತ್ತೇನೆ ಅನ್ನುವ ಯೋಜನೆ, ಬರೆಯುವಾಗ ಪ್ರಾಜೆಕ್ಟ್ ಎಷ್ಟು ದೊಡ್ಡದು ಅಂತಲೂ ಹೇಳಬೇಕು. 2022ರಿಂದ 175 ಗಂಟೆ, 350 ಗಂಟೆ ಅಂತ ಎರಡು ಗಾತ್ರ ಇದ್ದವು. 2024ರಲ್ಲಿ 90 ಗಂಟೆಯದ್ದೂ ಸೇರಿತು. 175 ಗಂಟೆಯನ್ನು 12 ವಾರಕ್ಕೆ ಹಂಚಿ ನೋಡಿ, ವಾರಕ್ಕೆ ಹದಿನೈದು ಗಂಟೆಯೂ ಸಿಗುವುದಿಲ್ಲ. ಸಮ್ಮರ್ ಅನ್ನೋದು ಅಮೆರಿಕದ ಲೆಕ್ಕ. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಸೆಮಿಸ್ಟರ್ ಪರೀಕ್ಷೆ ಜೂನ್-ಜುಲೈಗೇ ಬಂದು ಕೂರುತ್ತದೆ.

ಒಂದು ಉದಾಹರಣೆ ಹಿಡಿದು ನೋಡೋಣ. ವಿದ್ಯಾರ್ಥಿ ಹೀಗೆ ಬರೆದಿದ್ದಾನೆ ಅಂದುಕೊಳ್ಳಿ: "ಕನ್ನಡಕ್ಕೆ ಸ್ಪೆಲ್ ಚೆಕ್ಕರ್, ಜೊತೆಗೆ ಬ್ರೌಸರ್ ಎಕ್ಸ್‌ಟೆನ್ಷನ್, ಮೊಬೈಲ್ ಆ್ಯಪ್." ಇಲ್ಲಿರುವುದು ಒಂದಲ್ಲ, ಮೂರು ಪ್ರಾಜೆಕ್ಟ್. ಆ್ಯಪ್ ಮತ್ತು ಎಕ್ಸ್‌ಟೆನ್ಷನ್‌ಗೆ ಮೊದಲೇ ಗೀಟು ಹಾಕಬಹುದು.

ಉಳಿದದ್ದೂ ಸಣ್ಣದೇನಲ್ಲ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಎರಡೂ ಕಾಗುಣಿತ ನೋಡಲು ಹನ್‌ಸ್ಪೆಲ್ ಅನ್ನುವ ಓಪನ್ ಸೋರ್ಸ್ ತಂತ್ರಾಂಶ ಬಳಸುತ್ತವೆ. ಅದಕ್ಕೆ ಎರಡು ಫೈಲ್ ಬೇಕು: ಮೂಲ ಪದಗಳದ್ದೊಂದು, ಪ್ರತ್ಯಯ ಹತ್ತುವ ನಿಯಮಗಳದ್ದೊಂದು. ಕಷ್ಟ ಇರುವುದು ಈ ಎರಡನೆಯದರಲ್ಲಿ. 'ಮನೆ' ಮನೆಗೆ, ಮನೆಯಲ್ಲಿ ಅಂತ ಆಗುತ್ತದೆ. 'ಮರ' ಮರಕ್ಕೆ, ಮರದಲ್ಲಿ ಅಂತ ಆಗುತ್ತದೆ. ಅಂದರೆ ಬೇರೆ ಬೇರೆ ಗುಂಪು, ಬೇರೆ ಬೇರೆ ನಿಯಮ. ಹನ್‌ಸ್ಪೆಲ್ ಒಂದು ಪದದಿಂದ ಎರಡು ಹಂತದ ಪ್ರತ್ಯಯ ಮಾತ್ರ ಕಳಚುತ್ತದೆ. 'ಮನೆಗಳಲ್ಲೂ' ಪದದಲ್ಲಿ ಗಳು, ಅಲ್ಲಿ, ಊ ಅಂತ ಮೂರಿವೆ. ಹಾಗಾಗಿ ಎರಡನ್ನು ಸೇರಿಸಿ ಒಂದೇ ನಿಯಮ ಮಾಡಬೇಕು, ನಿಯಮಗಳ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಕ್ರಿಯಾಪದಗಳಂತೂ ಇನ್ನೂ ಜಾಸ್ತಿ: ಹೋದ, ಹೋಗಲಿಲ್ಲ, ಹೋಗಿದ್ದರೆ.

ಪ್ರಪೋಸಲ್‌ನಲ್ಲಿ ಈ ಲೆಕ್ಕದ ಸುಳಿವೇ ಇಲ್ಲದಿದ್ದರೆ ಬರೆದವನು ಫೈಲ್ ತೆರೆದೇ ನೋಡಿಲ್ಲ ಅಂತ ಅರ್ಥ. ಸುಮ್ನೆ ವಾರದ ಪಟ್ಟಿ ಚೆನ್ನಾಗಿ ಮಾಡಿದರೆ ಸಾಲದು. ಫೆಡೋರಾ ಅನ್ನುವ ಲಿನಕ್ಸ್ ಆವೃತ್ತಿಯಲ್ಲಿ ಕನ್ನಡದ ಹನ್‌ಸ್ಪೆಲ್ ಪ್ಯಾಕೇಜ್ ಆಗಲೇ ಇದೆ. ಅದನ್ನು ನೋಡದೆ "ಹೊಸದಾಗಿ ಶುರು ಮಾಡುತ್ತೇನೆ" ಅಂದರೆ ನನಗೆ ಅಲ್ಲೇ ಅನುಮಾನ ಬರುತ್ತದೆ.

ಇದೇ ವಿಷಯವನ್ನು ಹೀಗೆ ಬರೆದರೆ ಅಳತೆಗೆ ಸಿಗುತ್ತದೆ: "ಈಗಿರುವ ಫೈಲಿನಲ್ಲಿ ನಾಮಪದಗಳ ವಿಭಕ್ತಿ ಮತ್ತು ಬಹುವಚನದ ನಿಯಮ ಮಾತ್ರ ಸರಿಪಡಿಸುತ್ತೇನೆ. ಕನ್ನಡ ವಿಕಿಪೀಡಿಯದಿಂದ ಪದಗಳನ್ನು ಆರಿಸಿ, ಕೈಯಾರೆ ಪರಿಶೀಲಿಸಿ, ಪರೀಕ್ಷೆಯ ಪಟ್ಟಿ ಮಾಡುತ್ತೇನೆ. ತಪ್ಪಿಲ್ಲದ ಎಷ್ಟು ಪದಕ್ಕೆ ಕೆಂಪು ಗೆರೆ ಬೀಳುತ್ತದೆ ಅಂತ ಮೊದಲೂ ಕೊನೆಗೂ ಎಣಿಸುತ್ತೇನೆ." ಮುಗಿಯಿತೋ ಇಲ್ಲವೋ ಅಂತ ಯಾರು ಬೇಕಾದರೂ ನೋಡಿ ಹೇಳಬಹುದು, ಅಲ್ವಾ?

ಗಂಟೆ ಎಣಿಸುವಾಗ ಕೋಡ್ ಬರೆಯುವ ಹೊತ್ತನ್ನಷ್ಟೇ ಎಣಿಸಬೇಡಿ. ಟೆಸ್ಟ್, ಡಾಕ್ಯುಮೆಂಟೇಷನ್, ರಿವ್ಯೂನಲ್ಲಿ ಬಂದ ತಿದ್ದುಪಡಿ ಎಲ್ಲವೂ ಅದೇ 175ರಲ್ಲಿ ಬರಬೇಕು. ಮೇಂಟೇನರ್‌ಗಳಲ್ಲಿ, ಅಂದರೆ ಪ್ರಾಜೆಕ್ಟ್ ನೋಡಿಕೊಳ್ಳುವವರಲ್ಲಿ, ಬಹಳ ಜನ ತಮ್ಮ ಕೆಲಸ ಮುಗಿಸಿ ಬಿಡುವಿನಲ್ಲಿ ನೋಡುವವರು. ನೀವು ಕಳಿಸಿದ ಒಂದು ಪ್ಯಾಚ್ (ಕೋಡ್‌ನ ಬದಲಾವಣೆ) ವಾರಗಟ್ಟಲೆ ಕಾದರೂ ಆಶ್ಚರ್ಯವಿಲ್ಲ. ಹಾಗಾಗಿ ಮಿಡ್‌ಟರ್ಮ್ ಮೌಲ್ಯಮಾಪನದ ಹೊತ್ತಿಗೆ ಒಂದು ಸಣ್ಣ ತುಂಡಾದರೂ ಮರ್ಜ್ ಆಗಿರುವಂತೆ (ಮೂಲ ಕೋಡ್‌ಗೆ ಸೇರಿರುವಂತೆ) ಕೆಲಸ ಜೋಡಿಸಿಕೊಳ್ಳಿ. 'ಮನೆ'ಯಂಥ ಎಕಾರಾಂತ ಪದಗಳ ಗುಂಪೊಂದೇ ಆದರೂ ಸಾಕು. ಕ್ರಿಯಾಪದಗಳನ್ನು "ಸಮಯ ಉಳಿದರೆ" ಅನ್ನುವ ಕಡೆ ಬರೆಯಿರಿ. ಆ್ಯಪ್ ಅಲ್ಲೂ ಬೇಡ.