ಕೊಳವೆಯಲ್ಲಿ ಮೌನವಾದ ರಕ್ತ: ಸುಪ್ತ ಕ್ಷಯವೂ ಕೋವಿಡ್ ವಾರ್ಡೂ

2020ರ ಬೇಸಿಗೆಯಲ್ಲಿ ಒಂದು ಮಾತು ವಾಟ್ಸ್ಆ್ಯಪ್‌ನಿಂದ ಹಿಡಿದು ಟಿ.ವಿ. ಚರ್ಚೆಗಳವರೆಗೆ ಓಡಾಡಿತು. ನಮಗೆಲ್ಲ ಹುಟ್ಟಿದಾಗಲೇ ಕ್ಷಯದ ಲಸಿಕೆಯಾದ ಬಿಸಿಜಿ ಚುಚ್ಚಿದ್ದಾರೆ, ಮೇಲಾಗಿ ನಮ್ಮ ಜನರ ಮೈಯಲ್ಲಿ ಕ್ಷಯದ ಬ್ಯಾಕ್ಟೀರಿಯಾ ಮೊದಲೇ ಕೂತಿದೆ, ಹಾಗಾಗಿ ಕೊರೊನಾ ನಮ್ಮನ್ನು ಅಷ್ಟಾಗಿ ಕಾಡುವುದಿಲ್ಲ ಎಂಬ ಮಾತು. ಇಟಲಿಯ ಸಾವುಗಳ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿದವರಿಗೆ ಅದು ನಿಜವೆನಿಸಿತು. 2021ರ ಏಪ್ರಿಲ್, ಮೇನಲ್ಲಿ ಡೆಲ್ಟಾ ಬಂದು ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದಾಗ ಆ ಮಾತನ್ನು ಹೇಳುವವರು ಇರಲಿಲ್ಲ. ಬಿಸಿಜಿಯ ಮಟ್ಟಿಗಂತೂ ಪ್ರಶ್ನೆ ಇತ್ಯರ್ಥವಾಗಿದೆ: ಐದು ದೇಶಗಳ ಸುಮಾರು 4,000 ಆರೋಗ್ಯ ಕಾರ್ಯಕರ್ತರ ಮೇಲೆ ನಡೆದ ಬ್ರೇಸ್ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು; ಬಿಸಿಜಿ ಹಾಕಿಸಿಕೊಂಡವರಿಗೆ ಕೋವಿಡ್ ಅಪಾಯ ಕಡಿಮೆಯಾಗಿರಲಿಲ್ಲ.

ಸುಪ್ತ ಕ್ಷಯದ, ಅಂದರೆ ಕ್ಷಯದ ಬ್ಯಾಕ್ಟೀರಿಯಾ ಕಾಯಿಲೆ ತರದೆ ಮೈಯಲ್ಲಿ ಮಲಗಿರುವ ಸ್ಥಿತಿಯ, ಪ್ರಶ್ನೆ ಇಷ್ಟು ಸುಲಭವಲ್ಲ. ಯಾಕಲ್ಲ ಎಂಬುದು ನನಗೆ ಉತ್ತರಕ್ಕಿಂತ ಹೆಚ್ಚು ರೋಚಕವಾಗಿ ಕಾಣುತ್ತದೆ.

ಸುಪ್ತ ಕ್ಷಯ ಇರುವವರಿಗೆ ಕೆಮ್ಮಿಲ್ಲ, ಜ್ವರವಿಲ್ಲ, ಅವರಿಂದ ಯಾರಿಗೂ ಹರಡುವುದಿಲ್ಲ. ದೇಶದಾದ್ಯಂತ 2019–21ರಲ್ಲಿ ನಡೆದ ಸಮೀಕ್ಷೆಯ ಪ್ರಕಾರ 15 ವರ್ಷ ಮೀರಿದ ಭಾರತೀಯರಲ್ಲಿ ಸುಮಾರು 31% ಮಂದಿಗೆ ಈ ಸೋಂಕಿದೆ. ಅವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ ಐದರಿಂದ ಹತ್ತು ಮಂದಿ ಮಾತ್ರ. ಅಂದರೆ ಕೋವಿಡ್ ವಾರ್ಡಿನಲ್ಲಿ ಮಲಗಿದ್ದ ವಯಸ್ಕರಲ್ಲಿ ಸರಿಸುಮಾರು ಮೂವರಿಗೊಬ್ಬರು ಕ್ಷಯದ ಬ್ಯಾಕ್ಟೀರಿಯಾವನ್ನೂ ಹೊತ್ತಿದ್ದರು. ಅಂಥವರಿಗೆ ಕೋವಿಡ್ ಜೋರಾಯಿತೇ, ಹಗುರವಾಯಿತೇ? ಮೂವರಲ್ಲಿ ಆ ಒಬ್ಬರು ಯಾರೆಂದು ಪತ್ತೆ ಹಚ್ಚಿದರೆ ತಾನೇ ಹೇಳಲು ಸಾಧ್ಯ.

ಪತ್ತೆ ಹಚ್ಚುವುದೇ ಕಷ್ಟ. ಸುಪ್ತ ಕ್ಷಯದಲ್ಲಿ ಬ್ಯಾಕ್ಟೀರಿಯಾ ಕಫದಲ್ಲಿ ಸಿಗುವುದಿಲ್ಲ, ಎಕ್ಸ್‌ರೇ ಸಾಮಾನ್ಯವಾಗಿ ಶುದ್ಧವಾಗಿರುತ್ತದೆ. ಆದ್ದರಿಂದ ಬ್ಯಾಕ್ಟೀರಿಯಾವನ್ನು ಹುಡುಕುವುದನ್ನು ಬಿಟ್ಟು ಅದನ್ನು ಹಿಂದೆ ಕಂಡಿರುವ, ನಮ್ಮ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳನ್ನೇ ವಿಚಾರಿಸುತ್ತಾರೆ. ಇಗ್ರಾ ಎಂಬ ರಕ್ತಪರೀಕ್ಷೆ ನಡೆಯುವ ಬಗೆ ಹೀಗೆ. ರೋಗಿಯ ರಕ್ತವನ್ನು ನಾಲ್ಕು ಕೊಳವೆಗಳಿಗೆ ಹಾಕುತ್ತಾರೆ. ಮೊದಲನೆಯದು ಖಾಲಿ. ಎರಡು ಮತ್ತು ಮೂರರಲ್ಲಿ ಕ್ಷಯದ ಬ್ಯಾಕ್ಟೀರಿಯಾದ ಪ್ರೋಟೀನ್ ತುಣುಕುಗಳಿರುತ್ತವೆ. ಇವು ಬಿಸಿಜಿ ಲಸಿಕೆಯಲ್ಲಿ ಇಲ್ಲದವು, ಹಾಗಾಗಿ ಲಸಿಕೆ ಹಾಕಿಸಿಕೊಂಡದ್ದರಿಂದ ಫಲಿತಾಂಶ ಕೆಡುವುದಿಲ್ಲ. ನಾಲ್ಕನೆಯದರಲ್ಲಿ ಮೈಟೊಜೆನ್ ಇರುತ್ತದೆ, ಅಂದರೆ ಯಾವ ಟಿ ಕೋಶವನ್ನಾದರೂ ಕೆರಳಿಸುವ ವಸ್ತು. ಒಂದು ರಾತ್ರಿಯಷ್ಟು ಹೊತ್ತು ಮೈಯ ಬಿಸಿಯಲ್ಲೇ ಇಟ್ಟು, ಯಾವ ಕೊಳವೆಯಲ್ಲಿ ಎಷ್ಟು ಗಾಮಾ ಇಂಟರ್‌ಫೆರಾನ್ (ಕೆರಳಿದ ಟಿ ಕೋಶಗಳು ಬಿಡುವ ಪ್ರೋಟೀನ್) ಸುರಿದಿದೆ ಎಂದು ಅಳೆಯುತ್ತಾರೆ. ಕ್ಷಯವನ್ನು ಬಲ್ಲ ಟಿ ಕೋಶಗಳಿದ್ದರೆ ಎರಡು, ಮೂರನೆಯ ಕೊಳವೆಗಳು ಉತ್ತರ ಕೊಡುತ್ತವೆ.

ನಾಲ್ಕನೆಯ ಕೊಳವೆ ಯಾಕೆ? ಮೇಷ್ಟರು ಹಾಜರಿ ಕೂಗುವಾಗ ಉತ್ತರ ಬಾರದಿದ್ದರೆ ಆ ಹುಡುಗ ಶಾಲೆಗೇ ಸೇರಿಲ್ಲವೆಂದೂ ಇರಬಹುದು, ಅವನು ಜ್ವರದಿಂದ ಮನೆಯಲ್ಲಿ ಮಲಗಿದ್ದಾನೆಂದೂ ಇರಬಹುದು. ಯಾರ ಹೆಸರು ಕೂಗಿದರೂ ಉತ್ತರವಿಲ್ಲವಾದರೆ ತೊಂದರೆ ಇಡೀ ತರಗತಿಯದು. ಮೈಟೊಜೆನ್ ಕೊಳವೆ ಇಡೀ ತರಗತಿಯನ್ನು ಕೂಗಿ ನೋಡುತ್ತದೆ. ಅದೂ ಸುಮ್ಮನಿದ್ದರೆ ವರದಿಯಲ್ಲಿ ‘ನೆಗೆಟಿವ್’ ಎಂದು ಬರೆಯುವ ಹಾಗಿಲ್ಲ, ‘ಅನಿರ್ಧಾರಿತ’ ಎಂದು ಬರೆಯಬೇಕು.

ಕೋವಿಡ್ ವಾರ್ಡಿನಲ್ಲಿ ಆದದ್ದು ಇದೇ. ಕಾಯಿಲೆ ತೀವ್ರವಾದಷ್ಟೂ ರಕ್ತದಲ್ಲಿ ಬಿಳಿ ರಕ್ತಕಣಗಳ ಒಂದು ಬಗೆಯಾದ ಲಿಂಫೋಸೈಟ್‌ಗಳ ಸಂಖ್ಯೆ ಕುಸಿಯುತ್ತದೆ. ಟಿ ಕೋಶಗಳು ಲಿಂಫೋಸೈಟ್‌ಗಳ ಗುಂಪಿಗೇ ಸೇರಿದವು. ಉಳಿದವನ್ನು ಚಿಕಿತ್ಸೆಗೆಂದು ಕೊಡುವ ಸ್ಟೀರಾಯ್ಡ್ ಸುಮ್ಮನಾಗಿಸುತ್ತದೆ. ಪರಿಣಾಮವಾಗಿ ಐಸಿಯು ಹಾಸಿಗೆಗಳಿಂದ ಬಂದ ರಕ್ತದಲ್ಲಿ ಅನಿರ್ಧಾರಿತ ಫಲಿತಾಂಶಗಳು ಹೆಚ್ಚಿದವು. ಇನ್ನೂ ಸೂಕ್ಷ್ಮವಾದ ಮೋಸವೊಂದಿದೆ. ಮೈಟೊಜೆನ್ ಬಲವಾದ ಪ್ರಚೋದಕ, ಅರೆಬರೆ ಶಕ್ತಿಯ ಕೋಶಗಳೂ ಅದಕ್ಕೆ ಉತ್ತರಿಸುತ್ತವೆ. ಆದರೆ ಕ್ಷಯವನ್ನು ಗುರುತಿಸುವ ಕೋಶಗಳು ಮೊದಲೇ ಬೆರಳೆಣಿಕೆಯಷ್ಟು. ಅವು ಸ್ವಲ್ಪ ಕುಗ್ಗಿದರೂ ಉತ್ತರ ಪಾಸಿಟಿವ್ ಎನ್ನಲು ಬೇಕಾದ 0.35 ಎಂಬ ಗಡಿಯಿಂದ ಕೆಳಗಿಳಿಯುತ್ತದೆ. ಆಗ ನಾಲ್ಕನೆಯ ಕೊಳವೆ ಪಾಸು, ವರದಿ ನೆಗೆಟಿವ್, ಸೋಂಕು ಮಾತ್ರ ಒಳಗೇ ಇದೆ.

ಈಗ ಆಸ್ಪತ್ರೆಯ ಅಂಕಿಅಂಶಗಳನ್ನು ನೋಡಿ. ತೀವ್ರವಾಗಿ ಕಾಯಿಲೆಯಾದವರು ಸುಳ್ಳು ನೆಗೆಟಿವ್ ಆಗಿ ‘ಸುಪ್ತ ಕ್ಷಯ ಇಲ್ಲ’ ಎಂಬ ಗುಂಪಿಗೆ ಸೇರುತ್ತಾರೆ. ಆ ಗುಂಪಿನಲ್ಲಿ ಸಾವು ಹೆಚ್ಚಾಗುತ್ತದೆ. ಪಾಸಿಟಿವ್ ಬಂದವರು ಯಾರು? ಟಿ ಕೋಶಗಳು ಇನ್ನೂ ಗಟ್ಟಿಯಾಗಿದ್ದವರು, ಹೇಗಿದ್ದರೂ ಬದುಕುಳಿಯುವ ಸಾಧ್ಯತೆ ಹೆಚ್ಚಿದ್ದವರು. ಸುಪ್ತ ಕ್ಷಯ ಕಾಪಾಡಿತು ಎಂಬ ತೀರ್ಮಾನ ತಾನಾಗಿಯೇ ಕಾಗದದ ಮೇಲೆ ಮೂಡುತ್ತದೆ! ಕೋವಿಡ್ ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ಅಳಿಸಿಹಾಕಿದೆ.

ಇದು ಹೊಸ ಸಂಗತಿಯೂ ಅಲ್ಲ. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1907ರಲ್ಲಿ ಚರ್ಮವನ್ನು ಗೀರಿ ಟ್ಯುಬರ್ಕುಲಿನ್ (ಕ್ಷಯದ ಬ್ಯಾಕ್ಟೀರಿಯಾದಿಂದ ತೆಗೆದ ಸಾರ) ಸವರಿ ಕ್ಷಯದ ಸೋಂಕು ಕಂಡುಹಿಡಿಯುವ ವಿಧಾನ ರೂಪಿಸಿದ. ನಾವಿಂದು ಮಾಂಟೂ ಎಂದು ಕರೆಯುವ ಪರೀಕ್ಷೆಗೆ ದಾರಿ ಮಾಡಿದ್ದು ಅದೇ. ಮರುವರ್ಷ, 1908ರಲ್ಲಿ, ಅವನು ವಿಚಿತ್ರವೊಂದನ್ನು ವರದಿ ಮಾಡಿದ: ಪರೀಕ್ಷೆಗೆ ಚೆನ್ನಾಗಿ ಪ್ರತಿಕ್ರಿಯಿಸುತ್ತಿದ್ದ ಮಕ್ಕಳಿಗೆ ದಡಾರ ಬಂದರೆ ಆ ಪ್ರತಿಕ್ರಿಯೆ ಮಾಯವಾಗುತ್ತದೆ, ದಡಾರ ವಾಸಿಯಾದ ಮೇಲೆ ಮರಳುತ್ತದೆ. ಟಿ ಕೋಶ ಎಂಬುದೊಂದಿದೆ ಎಂದು ಯಾರಿಗೂ ಗೊತ್ತಿಲ್ಲದ ಕಾಲವದು. ವೈರಸ್ಸೊಂದು ದೇಹದ ನೆನಪನ್ನು ತಾತ್ಕಾಲಿಕವಾಗಿ ಮಂಕಾಗಿಸಬಲ್ಲದು ಎಂಬುದಕ್ಕೆ ಬರಿಗಣ್ಣಿಗೆ ಕಂಡ ಮೊದಲ ಪುರಾವೆ ಅದು. ನೂರು ವರ್ಷಕ್ಕೂ ಹಿಂದೆ ಒಬ್ಬ ವೈದ್ಯ ಮಕ್ಕಳ ತೋಳು ನೋಡಿ ಕಂಡುಕೊಂಡದ್ದನ್ನು 2020ರಲ್ಲಿ ಎಷ್ಟೋ ಜನ ಮರೆತರು ಎನ್ನುವುದು ನನಗೆ ನಿಜವಾಗಿ ಬೇಸರ ತರಿಸುವ ವಿಷಯ.

ಎದುರು ದಿಕ್ಕಿಗೆ ಎಳೆಯುವ ದೋಷವೂ ಇದೆ, ಅದು ವಯಸ್ಸು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960–61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟ್ಯುಬರ್ಕುಲಿನ್ ಸಮೀಕ್ಷೆ ನಡೆಸಿದಾಗಲೇ ವಯಸ್ಸು ಏರಿದಂತೆ ಸೋಂಕಿತರ ಪ್ರಮಾಣವೂ ಏರುವುದು ಕಂಡಿತ್ತು. ಕೋವಿಡ್ ಸಾವೂ ವಯಸ್ಸಿನೊಂದಿಗೇ ಏರುತ್ತದೆ. ವಯಸ್ಸನ್ನು ಲೆಕ್ಕದಿಂದ ಕಳೆಯದಿದ್ದರೆ ಸುಪ್ತ ಕ್ಷಯವೇ ಕೊಂದಂತೆ ತೋರುತ್ತದೆ.

ಹಾಗಾದರೆ ರಕ್ಷಣೆಯ ಮಾತು ಪೂರ್ತಿ ಹುರುಳಿಲ್ಲದ್ದೇ? ಅಲ್ಲ. ಅಮೆರಿಕದಲ್ಲಿ ನಡೆದ ಪ್ರಯೋಗಗಳಲ್ಲಿ, ಮೊದಲೇ ಕ್ಷಯದ ಸೋಂಕಿದ್ದ ಇಲಿಗಳ ಶ್ವಾಸಕೋಶದಲ್ಲಿ ಕೊರೊನಾ ವೈರಸ್ ಅಷ್ಟಾಗಿ ಬೆಳೆಯಲಿಲ್ಲ. ಸದಾ ಎಚ್ಚರವಾಗಿದ್ದ ಶ್ವಾಸಕೋಶ ಹೊಸ ಶತ್ರುವನ್ನು ಬೇಗ ತಡೆದಿರಬೇಕು. ಆದರೆ ಆ ಇಲಿಗಳದು ಸಕ್ರಿಯ ಸೋಂಕು, ಮನುಷ್ಯರ ಸುಪ್ತ ಸ್ಥಿತಿಯಲ್ಲ. ಚೆನ್ನೈನ ಸಂಶೋಧಕರು ಕೊರೊನಾ ಬಂದುಹೋದ ಜನರ ರಕ್ತ ನೋಡಿದಾಗ, ಸುಪ್ತ ಕ್ಷಯ ಇದ್ದವರಲ್ಲಿ ಪ್ರತಿಕಾಯಗಳ ಜೊತೆಗೆ, ಉರಿಯೂತ ಎಬ್ಬಿಸುವ ಸಂದೇಶವಾಹಕ ಪ್ರೋಟೀನುಗಳಾದ ಸೈಟೊಕೈನ್‌ಗಳೂ ಹೆಚ್ಚಿದ್ದವು. ಪ್ರತಿಕಾಯ ಹೆಚ್ಚಿದ್ದರೆ ಒಳ್ಳೆಯದು; ಕೋವಿಡ್‌ನಲ್ಲಿ ಶ್ವಾಸಕೋಶವನ್ನು ಹಾಳುಮಾಡಿದ್ದು ಉರಿಯೂತ. ಎರಡೂ ಒಟ್ಟಿಗೆ ಏರಿದಾಗ ರೋಗಿಗೆ ಲಾಭವೋ ನಷ್ಟವೋ ಎಂದು ರಕ್ತದ ಅಳತೆಯೊಂದರಿಂದ ಹೇಳಲಾಗದು.

ದಕ್ಷಿಣ ಆಫ್ರಿಕದ ವೆಸ್ಟರ್ನ್ ಕೇಪ್‌ನ ಅಂಕಿಗಳನ್ನು ಇಲ್ಲಿಗೆ ತಂದು ಗೊಂದಲ ಮಾಡುವವರಿದ್ದಾರೆ. ಅಲ್ಲಿ ಸಕ್ರಿಯ ಕ್ಷಯ ಇದ್ದವರಿಗೆ ಕೋವಿಡ್ ಸಾವಿನ ಅಪಾಯ ಸುಮಾರು 2.7 ಪಟ್ಟು, ಹಿಂದೆ ಕ್ಷಯ ಬಂದು ವಾಸಿಯಾದವರಿಗೆ ಸುಮಾರು ಒಂದೂವರೆ ಪಟ್ಟು ಇತ್ತು. ಕಾಯಿಲೆ ಬಿದ್ದು ಶ್ವಾಸಕೋಶದಲ್ಲಿ ಕಲೆ ಉಳಿದವರ ಕತೆ ಅದು. ಎಂದೂ ಕಾಯಿಲೆ ಬೀಳದ ಸುಪ್ತ ಸೋಂಕಿತರಿಗೆ ಅದನ್ನು ಹೊಂದಿಸುವುದು ತಪ್ಪು, ಸುಮ್ಮನೆ ಭಯ ಹುಟ್ಟಿಸುತ್ತದೆ.

ನನ್ನ ಆತಂಕ ಬೇರೆ ಕಡೆಗಿದೆ. ಕೊಳವೆಯಲ್ಲಿ ಅಳೆಯುವ ಗಾಮಾ ಇಂಟರ್‌ಫೆರಾನ್ ಪ್ರಯೋಗಾಲಯಕ್ಕೆಂದು ಹುಟ್ಟಿದ್ದಲ್ಲ. ಶ್ವಾಸಕೋಶದ ಗ್ರಾನುಲೋಮಾ ಎಂಬ ಪುಟ್ಟ ಗಂಟಿನೊಳಗೆ ಬ್ಯಾಕ್ಟೀರಿಯಾವನ್ನು ಕಟ್ಟಿಹಾಕಿರುವುದು ಅದೂ ಟಿಎನ್ಎಫ್ ಎಂಬ ಅದರ ಜೊತೆಗಾರನೂ. ಸಂಧಿವಾತದಂಥ ಕಾಯಿಲೆಗಳಿಗೆ ಟಿಎನ್ಎಫ್ ತಡೆಯುವ ಔಷಧಿ ಕೊಡತೊಡಗಿದಾಗ ಮಲಗಿದ್ದ ಕ್ಷಯ ಎದ್ದುಬಂದ 70 ಪ್ರಕರಣಗಳು 2001ರಲ್ಲಿ ವರದಿಯಾದವು. ಅಂದರೆ ಕೋವಿಡ್ ರೋಗಿಯ ಕೊಳವೆಯ ಮೌನ ಅಂಕಿಅಂಶದ ತೊಡಕಷ್ಟೇ ಆಗಿ ನಿಲ್ಲುವುದಿಲ್ಲ, ಅವನ ಶ್ವಾಸಕೋಶದ ಕಾವಲು ಎಷ್ಟು ಸಡಿಲವಾಗಿದೆ ಎಂಬ ಪ್ರಶ್ನೆಯನ್ನೂ ಎಬ್ಬಿಸುತ್ತದೆ. ಕೆಲವು ವಾರಗಳಲ್ಲಿ ಟಿ ಕೋಶಗಳು ಚೇತರಿಸಿಕೊಂಡರೆ ಬಹುತೇಕರಿಗೆ ಏನೂ ಆಗದು. ಸ್ಟೀರಾಯ್ಡ್ ಹೆಚ್ಚು ದಿನ ಮುಂದುವರಿದರೆ ಮಾತು ಬೇರೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಜೀವ ಉಳಿಸುತ್ತದೆಂದು ತೋರಿಸಿತು: ದಿನಕ್ಕೆ 6 ಮಿ.ಗ್ರಾಂ., ಹೆಚ್ಚೆಂದರೆ ಹತ್ತು ದಿನ. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಲಾಭವಿಲ್ಲ ಎಂದೂ ಅದೇ ಪ್ರಯೋಗ ಹೇಳಿತ್ತು. ಎರಡನೇ ಅಲೆಯಲ್ಲಿ ಮನೆಯಲ್ಲೇ ಇದ್ದವರೂ ಚೀಟಿ ನೋಡಿ ಸ್ಟೀರಾಯ್ಡ್ ನುಂಗಿದರು. ಅದರ ಬೆನ್ನಲ್ಲೇ ಬಂದ ಕಪ್ಪು ಶಿಲೀಂಧ್ರ ರೋಗ ಎಲ್ಲರ ಗಮನಕ್ಕೆ ಬಂತು. ಕ್ಷಯ ನಿಧಾನದ ಕಾಯಿಲೆ, ತಿಂಗಳುಗಳ ನಂತರ ಬರುವ ಕೆಮ್ಮನ್ನು ‘ಕೊರೊನಾ ಆದ ಮೇಲೆ ಹೀಗೇ’ ಎಂದು ತಳ್ಳಿಹಾಕುವುದು ಸುಲಭ. ಅದರ ಮೇಲೆ ಲಾಕ್‌ಡೌನ್; ದೇಶದಲ್ಲಿ ದಾಖಲಾದ ಕ್ಷಯ ಪ್ರಕರಣಗಳು 2019ರ 24 ಲಕ್ಷದಿಂದ 2020ರಲ್ಲಿ 18 ಲಕ್ಷಕ್ಕೆ ಇಳಿದವು. ಕಾಯಿಲೆ ಕಡಿಮೆಯಾಗಿರಲಿಲ್ಲ, ಪರೀಕ್ಷೆ ಕಡಿಮೆಯಾಗಿತ್ತು.

ಮೂಲ ಪ್ರಶ್ನೆಗೆ ನೆಚ್ಚಬಹುದಾದ ಉತ್ತರ ಬೇಕೆಂದರೆ, ದಾಖಲಾದ ದಿನವೇ, ಸ್ಟೀರಾಯ್ಡ್‌ಗೆ ಮುಂಚೆ ರಕ್ತ ತೆಗೆಯಬೇಕು. ಅನಿರ್ಧಾರಿತರನ್ನು ಕೈಬಿಡದೆ ಮೂರನೆಯ ಗುಂಪಾಗಿ ಲೆಕ್ಕವಿಡಬೇಕು. ಚೇತರಿಸಿಕೊಂಡ ಮೇಲೆ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಅಷ್ಟಾದರೂ ತೀರಿಕೊಂಡವರನ್ನು ಮತ್ತೆ ಪರೀಕ್ಷಿಸಲಾಗದು. ಅದಕ್ಕೇ ನನಗೆ ಹೆಚ್ಚು ಭರವಸೆ ಇರುವುದು ಕ್ಷಯರೋಗಿಗಳ ಮನೆಯವರಂಥ ಗುಂಪುಗಳ ಮೇಲೆ: ವೈರಸ್ ತಗಲುವ ಮೊದಲೇ, ಟಿ ಕೋಶಗಳು ಚೆನ್ನಾಗಿ ಉತ್ತರಿಸುತ್ತಿದ್ದಾಗಲೇ ಪರೀಕ್ಷೆಯಾಗಿ, ಆಮೇಲೆ ಕೋವಿಡ್ ಬಂದು ಆಸ್ಪತ್ರೆ ಸೇರಿದವರು ಅಲ್ಲಿ ಸಿಗಬಹುದು.